ಸೈಕಲ್ಲಿನ ಲಾಭ-ಲುಕ್ಸಾನು

ಇಪ್ಪತ್ತೆರಡು ವರ್ಷಗಳಿಂದ ಎಂಟನೆಯ ತರಗತಿಯ ಮಕ್ಕಳಿಗೆ ಲಾಭ-ನಷ್ಟದ ಲೆಕ್ಕ ಕಲಿಸುತ್ತ ಬಂದ ನಾನು, ಸ್ವಂತದ ಒಂದು ಲೆಕ್ಕವನ್ನು ಹತ್ತು ತಿಂಗಳು ತಪ್ಪಾಗಿ ಮಾಡಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಠ್ಯಪುಸ್ತಕದಲ್ಲಿ ಒಬ್ಬ ವ್ಯಾಪಾರಿ ಸೈಕಲ್ ಕೊಳ್ಳುತ್ತಾನೆ, ರಿಪೇರಿಗೆ ಇಷ್ಟು ಖರ್ಚು ಮಾಡುತ್ತಾನೆ, ಅಷ್ಟಕ್ಕೆ ಮಾರುತ್ತಾನೆ. ಶೇಕಡಾ ಲಾಭವೆಷ್ಟು ಎಂದು ಕೆಳಗೆ ಕೇಳಿರುತ್ತಾರೆ. ಆ ವ್ಯಾಪಾರಿ ಸೈಕಲ್ಲನ್ನು ಒಂದು ದಿನವೂ ಹೊಡೆಯುವುದಿಲ್ಲ ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ಹೊಡೆದಿದ್ದರೆ ಆ ಲೆಕ್ಕ ನಾಲ್ಕು ಸಾಲಿಗೆ ಮುಗಿಯುತ್ತಿರಲಿಲ್ಲ.

ನನ್ನ ಮನೆ ಅಫಜಲಪುರದಲ್ಲಿ. ಶಾಲೆ ಇರುವುದು ಘತ್ತರಗಿಗೆ ಹೋಗುವ ದಾರಿಯಲ್ಲಿ, ಏಳು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ಹನ್ನೆರಡು ವರ್ಷ ಸ್ಕೂಟರಿನ ಮೇಲೆ ಹೋಗಿ ಬಂದೆ. ಕಳೆದ ಬೇಸಿಗೆ ರಜೆಯಲ್ಲಿ ಕೈ ಖಾಲಿ ಇತ್ತು, ಹಾಳೆ-ಪೆನ್ನು ಹತ್ತಿರ ಇತ್ತು. ಗಣಿತದ ಮಾಸ್ತರನೊಬ್ಬ ಹಾಳಾಗಲು ಇಷ್ಟು ಸಾಕು. ಪೆಟ್ರೋಲಿಗೆ ತಿಂಗಳಿಗೆ ಎಂಟುನೂರು ರೂಪಾಯಿ ಹೋಗುತ್ತಿದೆ ಎಂದು ಲೆಕ್ಕ ಹೇಳಿತು. ಆರು ಸಾವಿರಕ್ಕೆ ಒಂದು ಸೈಕಲ್ ಕೊಂಡರೆ ಎಂಟು ತಿಂಗಳಿಗೆ ಬಂಡವಾಳ ತಿರುಗಿ ಬರುತ್ತದೆ, ಆಮೇಲೆ ಬರುವುದೆಲ್ಲ ಲಾಭ. ಎರಡು ಸಲ ಕೂಡಿಸಿ ನೋಡಿದೆ, ಎರಡು ಸಲವೂ ಉತ್ತರ ಒಂದೇ ಬಂತು.

ನನ್ನ ಹೆಂಡತಿ ಮಹಾನಂದಾ ರೊಟ್ಟಿ ಬಡಿಯುತ್ತಿದ್ದಾಗ ಹೋಗಿ ತೀರ್ಮಾನ ತಿಳಿಸಿದೆ. ಜೂನಿನಿಂದ ಯುಗಾದಿಯ ತನಕ ಸೈಕಲ್ ಹೊಡೆದು ನೋಡುತ್ತೇನೆ. ಲಾಭ ಬಂದರೆ ಸ್ಕೂಟರ್ ಮಾರಿಬಿಡುತ್ತೇನೆ. ನಷ್ಟ ಬಂದರೆ ಸೈಕಲ್ ಮಾರಿ ಮತ್ತೆ ಸ್ಕೂಟರ್ ಹತ್ತುತ್ತೇನೆ.

ರೊಟ್ಟಿಯ ಸಪ್ಪಳ ನಿಂತಿತು. “ಮಾರೂದ್ಯಾಕ್ರಿ? ನಿಂತಿರ್ಲಿ ಬಿಡ್ರಿ. ಅದೇನು ರೊಟ್ಟಿ ಕೇಳ್ತದೇನು?” ಎಂದಳು.

ಬಳಸದ ಸಾಮಾನನ್ನು ಮನೆಯಲ್ಲಿಟ್ಟುಕೊಳ್ಳುವುದೂ ಒಂದು ಬಗೆಯ ನಷ್ಟವೇ ಎಂದು ನಾನು ಸವಕಳಿಯ ತತ್ವವನ್ನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಮತ್ತೆ ರೊಟ್ಟಿ ಬಡಿಯತೊಡಗಿದಳು. ತತ್ವ ಅವಳಿಗೆ ಹಿಡಿಸಿತು ಎಂದು ತಿಳಿದುಕೊಂಡೆ. ಸ್ಕೂಟರಿಗೆ ಹಳೆಯ ಕೌದಿಯೊಂದನ್ನು ಹೊದಿಸಿ ಅಂಗಳದ ಮೂಲೆಯಲ್ಲಿ ನಿಲ್ಲಿಸಿದೆ. ನಿಂತ ಗಾಡಿಯ ಬ್ಯಾಟರಿ ಕೆಡುತ್ತದೆ, ದಿನಾ ಒಂದೀಟು ಚಾಲೂ ಮಾಡಿ ಇಡುತ್ತೇನೆ ಎಂದು ಮಹಾನಂದಾ ತಾನಾಗಿಯೇ ಕೀಲಿಕೈ ಇಸಕೊಂಡಳು. ಮಾರುವ ಹೊತ್ತಿಗೆ ಒಳ್ಳೆಯ ಬೆಲೆ ಬರಲಿ ಎಂಬ ಅವಳ ಕಾಳಜಿಗೆ ನನಗೆ ಖುಷಿಯಾಯಿತು.

ಮೊದಲ ವಾರದಲ್ಲಿಯೇ ಗೊತ್ತಾದ ಸಂಗತಿಯೆಂದರೆ, ಸ್ಕೂಟರಿನವನನ್ನು ಯಾರೂ ನಿಲ್ಲಿಸುವುದಿಲ್ಲ, ಸೈಕಲ್ಲಿನವನನ್ನು ಯಾರೂ ಬಿಡುವುದಿಲ್ಲ. ಅರ್ಧ ದಾರಿಯಲ್ಲಿ ಶರಣಪ್ಪನ ಚಹಾದ ಹೋಟೆಲು ಇದೆ. ಹನ್ನೆರಡು ವರ್ಷ ಅದರ ಮುಂದೆ ಹಾರ್ನ್ ಹೊಡೆದು ದಾಟಿದ್ದೆ. ಈಗ ಅಲ್ಲಿ ಬೆಂಚಿನ ಮೇಲೆ ಕೂತವರ ಕೂಗು ದೂರದಿಂದಲೇ ಬರುತ್ತಿತ್ತು. “ಬರ್ರಿ ಮಾಸ್ತರ್ರ, ಬೆವತೀರಿ. ಒಂದು ಕಪ್ ಚಾ ಕುಡುದು ಹೋಗ್ರಿ.” ಕರೆದವರು ದುಡ್ಡು ಕೊಡುವುದು ನಮ್ಮ ಕಡೆಯ ಪದ್ಧತಿ. ಇವತ್ತು ಕರೆಸಿಕೊಂಡವನು ನಾಳೆ ಕರೆಯಬೇಕು ಎನ್ನುವುದು ಪದ್ಧತಿಯ ಎರಡನೆಯ ಭಾಗ. ನನ್ನನ್ನು ಕರೆಯುವಾಗ ನಾನು ಒಬ್ಬನೇ. ನಾನು ಕರೆಯುವ ಹೊತ್ತಿಗೆ ಬೆಂಚಿನ ಮೇಲೆ ನಾಲ್ಕು ಜನ ಕೂತಿರುತ್ತಿದ್ದರು. ಬರೀ ಚಹಾ ಕುಡಿಸುವುದೂ ಸರಿಯಲ್ಲ, ಜೊತೆಗೆ ಒಂದು ಪ್ಲೇಟ್ ಮಿರ್ಚಿ ಭಜಿ ಬರಲೇಬೇಕು. ಕಾಯಕ-ದಾಸೋಹದ ಮಾತು ಕೇಳಿಯೇ ಬೆಳೆದ ಸೀಮೆ ನಮ್ಮದು. ಕಾಲು ತನ್ನ ಕಾಯಕ ಮಾಡಿತು, ಕಿಸೆ ದಾಸೋಹ ನಡೆಸಿತು.

ಹೊಟ್ಟೆಯ ಕಥೆ ಬೇರೆ. ಶಕ್ತಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ, ರೂಪ ಬದಲಿಸುತ್ತದೆ ಅಷ್ಟೇ ಎಂದು ಪಕ್ಕದ ತರಗತಿಯಲ್ಲಿ ವಿಜ್ಞಾನದ ಮೇಡಂ ಪಾಠ ಹೇಳುವುದು ನನಗೆ ದಿನವೂ ಕೇಳಿಸುತ್ತದೆ. ನಮ್ಮ ಮನೆಯಲ್ಲಿ ಅದು ಪೆಟ್ರೋಲಿನ ರೂಪ ಬಿಟ್ಟು ಜೋಳದ ರೊಟ್ಟಿಯ ರೂಪ ತಾಳಿತು. ಎರಡು ರೊಟ್ಟಿಗೆ ಕೈ ತೊಳೆಯುತ್ತಿದ್ದವನು ನಾಲ್ಕಕ್ಕೆ ಮುಟ್ಟಿದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾದ ಹಿಂಡಿಯ ಡಬ್ಬಿ ವಾರಕ್ಕೊಮ್ಮೆ ತಳ ಕಾಣತೊಡಗಿತು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ, ಸೈಕಲ್ ನನ್ನನ್ನು ಹೊರುವುದು ಬಿಟ್ಟು ನಾನೇ ಅದನ್ನು ಹೊತ್ತು ನಡೆದೆ. ಎರಡು ಪ್ಯಾಂಟುಗಳನ್ನು ಚೈನು ತಿಂದಿತು. ಕಬ್ಬಿನ ಸುಗ್ಗಿ ಶುರುವಾದ ಮೇಲೆ ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರುಗಳಿಗೆ ದಾರಿ ಬಿಡಲು ಹೋಗಿ ಮೂರು ಸಲ ರಸ್ತೆ ಕೆಳಗಿನ ಹೊಲಕ್ಕಿಳಿದೆ. ಇಷ್ಟಾದರೂ ಲೆಕ್ಕ ನನ್ನ ಕಡೆಗೇ ಇತ್ತು. ಚಹಾ ಹೇಗಿದ್ದರೂ ಎಲ್ಲೋ ಒಂದು ಕಡೆ ಕುಡಿಯುತ್ತಿದ್ದೆನಲ್ಲ ಎಂದು ಅದರ ಖರ್ಚಿನಲ್ಲಿ ಅರ್ಧ ಮಾತ್ರ ಬರೆದೆ. ಪ್ಯಾಂಟುಗಳು ಹೇಗೂ ಹಳೆಯವು ಎಂದು ಬರೆಯಲೇ ಇಲ್ಲ.

ಲೆಕ್ಕ ನಿಜವಾಗಿ ಕೆಟ್ಟದ್ದು ಭಾಗ್ಯವಂತಿಯಿಂದ. ಭಾಗ್ಯವಂತಿ ಎಂದರೆ ಭೀಮಾ ನದಿಯ ದಂಡೆಗೆ ಘತ್ತರಗಿಯಲ್ಲಿ ಕೂತಿರುವ ತಾಯಿ. ಅಮಾವಾಸ್ಯೆ ಬಂತೆಂದರೆ ಹರಕೆ ಹೊತ್ತವರು ಬರಿಗಾಲಿನಲ್ಲಿ ನಮ್ಮ ಶಾಲೆಯ ಮುಂದಿನ ದಾರಿಯಲ್ಲೇ ನಡೆದು ಹೋಗುತ್ತಾರೆ. ಸೈಕಲ್ ಕೊಂಡ ಮೇಲಿನ ಮೊದಲ ಅಮಾವಾಸ್ಯೆಯ ದಿನ ಪೆಡಲಿಗೆ ಸಿಕ್ಕು ನನ್ನ ಚಪ್ಪಲಿಯ ಉಂಗುಟ ಕಿತ್ತಿತು. ಎರಡೂ ಚಪ್ಪಲಿಯನ್ನು ಚೀಲಕ್ಕೆ ಹಾಕಿದೆ. ಬಿಸಿಲಿಗೆ ತಲೆಗೊಂದು ಟವೆಲ್ ಸುತ್ತಿದ್ದೆ. ನಾಲ್ಕು ದಿನದಿಂದ ಗಡ್ಡ ಹೆರೆದಿರಲಿಲ್ಲ. ಹಳ್ಳಿಯ ಹೆಬ್ಬಾಗಿಲಾದ ಅಗಸಿಯ ಹತ್ತಿರ ಸಿದ್ದವ್ವ ಎಂಬ ಮುದುಕಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ ಎರಡೂ ಕೈ ಜೋಡಿಸಿದಳು. ಸಂಬಳ ಎಣಿಸುವ ಮಾಸ್ತರ, ಗಾಡಿ ಇದ್ದವನು, ಬರಿಗಾಲಲ್ಲಿ ಸೈಕಲ್ ತುಳಿಯುತ್ತಿದ್ದಾನೆ; ಹರಕೆಯಲ್ಲದೆ ಇನ್ನೇನು? ಒಳಗೆ ಹೋಗಿ ಒಂದು ತೆಂಗಿನಕಾಯಿ, ಎಲೆ-ಅಡಿಕೆ, ಹನ್ನೊಂದು ರೂಪಾಯಿ ತಂದು ನನ್ನ ಕೈಗಿಟ್ಟಳು.

“ನಮ್ದೂ ಒಂದು ಕಾಯಿ ತಾಯಿ ಮುಂದ ಒಡಸ್ರಿ, ಯಪ್ಪಾ.”

“ಯವ್ವಾ, ನಾ ಸಾಲಿಗಿ ಹೊಂಟೇನಿ,” ಎಂದೆ.

“ಸಾಲಿ ಮುಗಿಸಿಕೊಂಡೇ ಹೋಗ್ರಿ. ತಾಯಿ ಎಲ್ಲಿ ಓಡಿ ಹೋಗ್ತಾಳ?”

ದೇವರ ಹೆಸರಿನಲ್ಲಿ ಒಮ್ಮೆ ಕೈಗೆ ಬಂದ ಕಾಯಿಯನ್ನು ತಿರುಗಿ ಕೊಡುವುದು ನಮ್ಮಲ್ಲಿ ಇಲ್ಲ. ಕೊಟ್ಟವರು ತೆಗೆದುಕೊಳ್ಳುವುದಿಲ್ಲ, ಮನೆಗೆ ಒಯ್ದು ಚಟ್ನಿ ಅರೆದರೆ ಮಹಾನಂದಾ ಸುಮ್ಮನಿರುವುದಿಲ್ಲ. ಸಂಜೆ ಸೈಕಲ್ಲನ್ನು ಶಾಲೆಯಲ್ಲಿಟ್ಟು, ಬಸ್ಸು ಹಿಡಿದು ಘತ್ತರಗಿಗೆ ಹೋಗಿ, ಸಿದ್ದವ್ವನ ಕಾಯಿ ಒಡೆಸಿ, ಪ್ರಸಾದ ತಂದು ಮುಟ್ಟಿಸಿದೆ. ನಾನು ಮಾಡಿದ ದೊಡ್ಡ ತಪ್ಪೆಂದರೆ ಆ ಪ್ರಸಾದ. ಮಾಸ್ತರ ನಂಬಿಗಸ್ಥ ಎಂದು ಊರಿಗೇ ಗೊತ್ತಾಯಿತು. ಮುಂದಿನ ಅಮಾವಾಸ್ಯೆಗೆ ಐದು ಕಾಯಿ ಬಂದವು, ಅದರ ಮುಂದಿನದಕ್ಕೆ ಒಂಬತ್ತು. ಒಂದು ಅಮಾವಾಸ್ಯೆ ತಪ್ಪಿಸಿಕೊಳ್ಳಲೆಂದು ಬಸ್ಸಿನಲ್ಲಿ ಶಾಲೆಗೆ ಹೋದೆ. ಕಾಯಿಗಳು ನನಗಿಂತ ಮೊದಲೇ ಬಂದು ಹೆಡ್‌ಮಾಸ್ತರರ ಮೇಜಿನ ಮೇಲೆ ಕಾಯುತ್ತಿದ್ದವು.

ಹರಕೆ ಯಾವುದಕ್ಕೆ ಎಂಬ ಬಗ್ಗೆ ಶರಣಪ್ಪನ ಹೋಟೆಲಿನಲ್ಲಿ ದಿನವೂ ಚರ್ಚೆ ನಡೆಯುತ್ತಿತ್ತಂತೆ. ವರ್ಗಾವಣೆಗೆ ಎಂದರು ಕೆಲವರು, ಮೂಲವ್ಯಾಧಿಗೆ ಎಂದರು ಇನ್ನು ಕೆಲವರು. ಮೂಲವ್ಯಾಧಿಯವನು ಸೈಕಲ್ಲಿನ ಸೀಟಿನ ಮೇಲೆ ಹೇಗೆ ಕೂತಾನು ಎಂದು ಶರಣಪ್ಪ ನನ್ನ ಪರವಾಗಿ ವಾದಿಸಿದನಂತೆ. “ಹರಕಿ ಗಿರಕಿ ಏನೂ ಇಲ್ಲ, ರೊಕ್ಕ ಉಳಸಾಕತ್ತೇನಿ” ಎಂದು ನಾನು ಸತ್ಯವನ್ನೇ ಹೇಳಿದೆ. ಬೆಂಚಿನ ಮೇಲಿದ್ದವರೆಲ್ಲ ತಿಳಿದವರಂತೆ ತಲೆಯಾಡಿಸಿದರು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಸಿಗುವುದಿಲ್ಲ ಎಂಬುದು ಅವರೆಲ್ಲರಿಗೂ ಗೊತ್ತಿತ್ತು.

ಹೀಗೆ ಯುಗಾದಿಯ ಅಮಾವಾಸ್ಯೆ ಬಂತು. ಮರುದಿನವೇ ನನ್ನ ಗಡುವು. ಶನಿವಾರವಾದ್ದರಿಂದ ಶಾಲೆ ಮಧ್ಯಾಹ್ನಕ್ಕೆ ಮುಗಿಯಿತು. ಬಸ್ಸಿನ ದುಡ್ಡಾದರೂ ಉಳಿಯಲಿ, ಲೆಕ್ಕ ಲಾಭದ ಕಡೆ ವಾಲಲಿ ಎಂಬ ಆಸೆಯಿಂದ ಹದಿನಾಲ್ಕು ಕಾಯಿಗಳ ಚೀಲವನ್ನು ಕ್ಯಾರಿಯರಿಗೆ ಕಟ್ಟಿ ಸೈಕಲ್ಲಿನಲ್ಲಿಯೇ ಘತ್ತರಗಿಗೆ ಹೊರಟೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂದಿನ ಗಾಲಿ ಪಂಕ್ಚರ್ ಆಯಿತು. ಬಿಸಿಲಿನಲ್ಲಿ ಒಂದು ಬೇವಿನ ಗಿಡದ ಕೆಳಗೆ ನಿಂತೆ. ಹತ್ತು ತಿಂಗಳ ಲಾಭವೆಲ್ಲ ಆ ಗಾಲಿಯ ಗಾಳಿಯ ಜೊತೆಗೇ ಹೋಯಿತು ಅನ್ನಿಸಿ ಅಳು ಬರುವಂತಾಯಿತು.

ಆಗ ಅಫಜಲಪುರದ ಕಡೆಯಿಂದ ಒಂದು ಸ್ಕೂಟರ್ ಬಂತು. ಮೇಲೆ ಒಬ್ಬ ಹೆಣ್ಣುಮಗಳು. ತಲೆಗೆ ಹೆಲ್ಮೆಟ್ಟು, ಮುಖಕ್ಕೆ ಸ್ಕಾರ್ಫು, ಸೀರೆಯ ಸೆರಗನ್ನು ಸೊಂಟಕ್ಕೆ ಗಟ್ಟಿಯಾಗಿ ಸಿಗಿಸಿದ್ದಾಳೆ. ತಗ್ಗುಗಳನ್ನು ತಪ್ಪಿಸಿ ಬರುವ ಅವಳ ಕೈಚಳಕವನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಸ್ಕೂಟರ್ ನನ್ನ ಮುಂದೆ ಬಂದು ನಿಂತಿತು. ಮುಂದಿನ ಮಡ್‌ಗಾರ್ಡಿನ ಮೇಲೆ ನಮ್ಮ ಮನೆಯ ಗೇಟಿಗೆ ತಿಕ್ಕಿ ಆದ ಗೀರು ಇತ್ತು. ನಾನು ಮೊದಲು ಗುರುತು ಹಿಡಿದದ್ದು ಆ ಗೀರನ್ನು, ಹೆಂಡತಿಯನ್ನಲ್ಲ.

“ಕಾಯಿ ಇತ್ತ ಕೊಡ್ರಿ,” ಎಂದಳು ಮಹಾನಂದಾ, ಸ್ಕಾರ್ಫ್ ಸರಿಸಿ.

ಯಾವಾಗ ಕಲಿತೆ ಎಂದು ಕೇಳಿದೆ. ಜುಲೈದಾಗೇ ಎಂದಳು. ಬ್ಯಾಟರಿ ಕೆಡಬಾರದೆಂದು ಅಂಗಳದಲ್ಲಿ ಚಾಲೂ ಮಾಡುತ್ತ, ಆಮೇಲೆ ಓಣಿಯ ತನಕ, ಆಮೇಲೆ ಪೇಟೆಯ ತನಕ. ಮನೆಯಲ್ಲಿ ಹೊಲಿದ ಜಂಪರುಗಳನ್ನು ತಾನೇ ಮನೆಮನೆಗೆ ಮುಟ್ಟಿಸುತ್ತಾಳೆ, ಪೆಟ್ರೋಲಿನ ಖರ್ಚು ಅದರಲ್ಲಿಯೇ ಹುಟ್ಟುತ್ತದೆ. ಪ್ರತಿ ಅಮಾವಾಸ್ಯೆ ಮಧ್ಯಾಹ್ನ, ನಾನು ಶಾಲೆಯಲ್ಲಿ ಬೋರ್ಡಿನ ಮುಂದೆ ನಿಂತಿರುವ ಹೊತ್ತಿಗೆ, ಶಾಲೆಯ ಮುಂದೆ ಹಾಯದೆ ಹಳ್ಳಿಯೊಳಗಿನ ಇನ್ನೊಂದು ರಸ್ತೆ ಹಿಡಿದು ತಾಯಿಯ ದರ್ಶನ ಮಾಡಿ ಬರುತ್ತಾಳೆ. ಕೌದಿ ಒಮ್ಮೊಮ್ಮೆ ಬೇರೆ ಮಗ್ಗುಲಿಗೆ ಮಡಿಚಿರುತ್ತಿದ್ದುದನ್ನು ನಾನು ನೋಡಿದ್ದೆ. ಬೆಕ್ಕಿನ ಕೆಲಸ ಎಂದುಕೊಂಡಿದ್ದೆ.

“ನನಗ ಯಾಕ ಹೇಳ್ಲಿಲ್ಲ?”

“ಹನ್ನೆರಡು ವರ್ಷ ನೀವು ‘ಬರೋ ಐತವಾರ ಘತ್ತರಗಿಗಿ ಕರ್ಕೊಂಡು ಹೋಗ್ತೇನಿ’ ಅಂದ್ರಿ. ನಾ ಏನರ ಅಂದೇನೇನ್ರಿ?”

ಅಂದಿರಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಗಾಡಿ ನನ್ನ ಕೈಯಲ್ಲಿದ್ದಷ್ಟು ವರ್ಷ ಅದು ದಿನಾ ಹದಿನಾಲ್ಕು ಕಿಲೋಮೀಟರ್ ಓಡಿ ಶಾಲೆಯ ಗೋಡೆಯ ನೆರಳಿನಲ್ಲಿ ಇಡೀ ದಿನ ನಿಂತಿರುತ್ತಿತ್ತು. ಬಳಸದ ಸಾಮಾನಿನ ಸವಕಳಿಯನ್ನು ನಾನು ಯಾರಿಗೆ ಪಾಠ ಮಾಡಿದ್ದೆನೋ!

ಸೈಕಲ್ಲಿಗೆ ಬೇವಿನ ಗಿಡದ ಕೆಳಗೇ ಕೀಲಿ ಹಾಕಿ, ಕಾಯಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಹಿಂದೆ ಕೂತೆ. ಸ್ವಂತ ಗಾಡಿಯ ಹಿಂದಿನ ಸೀಟು ಅಷ್ಟು ಬಿರುಸಾಗಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಹದಿನಾಲ್ಕೂ ಕಾಯಿ ಒಡೆಸಿ, ಭೀಮೆಯ ಮೆಟ್ಟಿಲಿನ ಮೇಲೆ ಕೂತು, ಕಿಸೆಯಿಂದ ಲೆಕ್ಕದ ವಹಿ ತೆಗೆದೆ. ಪೆಟ್ರೋಲು ಉಳಿದದ್ದು ಇಷ್ಟು, ಸೈಕಲ್ಲಿಗೆ ಕೊಟ್ಟದ್ದು ಇಷ್ಟು, ಈಗ ಮಾರಿದರೆ ಬರುವುದು ಇಷ್ಟು, ಚಹಾದ ಅರ್ಧ, ರೊಟ್ಟಿಯ ಅಂದಾಜು, ಅಮಾವಾಸ್ಯೆಯ ಬಸ್ಸುಗಳು. ಕೂಡಿಸಿ ಕಳೆದರೆ ಹನ್ನೊಂದು ರೂಪಾಯಿ ಲಾಭ ಬಂತು. ಅವತ್ತಿನ ಪಂಕ್ಚರಿಗೆ ಕೊಡಬೇಕಾದ ಮೂವತ್ತು ರೂಪಾಯಿ ಇನ್ನೂ ಬರೆದಿರಲಿಲ್ಲ. ಬರೆದರೆ ಹತ್ತೊಂಬತ್ತು ರೂಪಾಯಿ ನಷ್ಟ. ಪಂಕ್ಚರನ್ನು ಸೈಕಲ್ಲಿನ ಖಾತೆಗೆ ಹಾಕುವುದೋ, ಕಾಯಿ ಹೊರಿಸಿದ ತಾಯಿಯ ಖಾತೆಗೆ ಹಾಕುವುದೋ ತಿಳಿಯದೆ ಪೆನ್ನು ಹಿಡಿದು ಕೂತೆ.

“ಏನ್ ಬಂತ್ರಿ?” ಎಂದಳು.

“ಲಾಭಾನೂ ಇಲ್ಲ, ಲುಕ್ಸಾನೂ ಇಲ್ಲ.”

ಮಹಾನಂದಾ ಗುಡಿಯ ಕಡೆ ತಿರುಗಿ ಕಣ್ಣು ಮುಚ್ಚಿ ಕೈ ಮುಗಿದಳು. ಬಹಳ ಹೊತ್ತು ಮುಗಿದಳು. ಯಾಕೆ ಎಂದು ಕೇಳಿದ್ದಕ್ಕೆ, “ಹತ್ತು ತಿಂಗಳಾತು ನಾ ಬೇಡಿಕೊಂಡದ್ದು ಅದೇ ಅದ. ಲಾಭ ಆಗಿದ್ರ ಗಾಡಿ ಮಾರ್ತಿದ್ರಿ. ಲುಕ್ಸಾನ ಆಗಿದ್ರ ತಿರುಗಿ ನೀವೇ ತಗೋತಿದ್ರಿ,” ಎಂದು ಸೆರಗು ಸರಿಮಾಡಿಕೊಂಡು ಎದ್ದಳು. ನಾನು ವಹಿ ಮುಚ್ಚಿ ಕಿಸೆಯಲ್ಲಿಟ್ಟುಕೊಂಡೆ. ಆ ಪಂಕ್ಚರನ್ನು ಇವತ್ತಿನವರೆಗೂ ಯಾವ ಖಾತೆಗೂ ಬರೆದಿಲ್ಲ.

ಹಬ್ಬ ಮುಗಿದ ಮೇಲೆ ಮತ್ತೆ ಸೈಕಲ್ಲಿನಲ್ಲಿ ಶಾಲೆಗೆ ಹೊರಟಿದ್ದೆ. ಅಗಸಿಯ ಹತ್ತಿರ ಸಿದ್ದವ್ವ ತಡೆದಳು. ಹದಿನಾಲ್ಕು ಕಾಯಿ ಸುಖವಾಗಿ ಒಡೆದ ಸುದ್ದಿ ಅವಳಿಗೆ ಮುಟ್ಟಿತ್ತು. “ಹರಕಿ ತೀರ್ತೇನ್ರಿ, ಯಪ್ಪಾ?” ಎಂದಳು.

ಈ ಸಲ ಇಲ್ಲ ಎನ್ನಲು ಬಾಯಿ ಬರಲಿಲ್ಲ. “ತೀರ್ತು, ಯವ್ವಾ. ಹರಕಿ ನಮ್ಮ ಮನಿಯಾಕಿದು ಇತ್ತು,” ಎಂದೆ.

“ಚಲೋ ಆತು. ಹಂಗಾರ ಇನ್ನ ಸೈಕಲ್ ಬಿಡ್ತೀರಿ.”

“ಬಿಡಂಗಿಲ್ಲ. ನಾ ಸೈಕಲ್ ಬಿಡಬಾರ್ದು ಅಂತನೇ ಆಕಿ ಹರಕಿ ಹೊತ್ತದ್ದು,” ಎಂದು ಪೆಡಲು ತುಳಿದೆ.