ನಡುಗಿದ್ದು ನಿಮ್ಮ ಕಾಲಲ್ಲ, ಅತ್ತಿಗೆ

ಅತ್ತಿಗೆ, ಆ ಹಳೆಯ ಕಾರು ತಿರುವುಗಳಲ್ಲಿ ನಡುಗುತ್ತಿದ್ದುದಕ್ಕೆ ನೀವು ಕಾರಣರಾಗಿರಲಿಲ್ಲ. ಕಾರಣ ನಾನು. ಅದು ಗೊತ್ತಾದ ದಿನವೇ ಮುಚ್ಚಿಟ್ಟೆ, ಇವತ್ತಿನವರೆಗೂ ಮುಚ್ಚಿಟ್ಟಿದ್ದೇನೆ. 'ಹೇಳಲಾಗಲಿಲ್ಲ' ಎಂದು ಬರೆಯಲು ಹೊರಟಿದ್ದೆ — ಅದು ಸುಳ್ಳು. ಹೇಳಬಹುದಿತ್ತು. ಹೇಳಲಿಲ್ಲ.

ಎದುರು ನಿಂತು ಹೇಳಲು ಹೋದರೆ ಎರಡನೆಯ ವಾಕ್ಯಕ್ಕೇ ನಾನು ವಾದಕ್ಕಿಳಿಯುತ್ತೇನೆ. ಚರ್ಚಾಸ್ಪರ್ಧೆಗಳು ಕಲಿಸಿದ ಚಟ ಅದು. ಸೋಲುವ ಹೊತ್ತಿಗೆ ಪ್ರಶ್ನೆಯನ್ನೇ ಬದಲಾಯಿಸಿಬಿಡುವುದು. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಅಣ್ಣನ ಕೈ ಹಿಡಿದು ಮಲ್ಲಂದೂರಿನ ನಮ್ಮ ಮನೆಗೆ ಬಂದ ಮೇಲೆ ಆ ಕಾರು ಹೆಚ್ಚುಕಡಿಮೆ ನಿಮ್ಮದೇ ಆಗಿತ್ತು. ಅಣ್ಣ ಪೇಟೆಗೂ ಜೀಪಿನಲ್ಲೇ ಹೋಗುವವನು. ನೀವು ಅದನ್ನು ಓಡಿಸಲು ಕಲಿತಿರಿ, ಚಿಕ್ಕಮಗಳೂರಿನ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಹಿಡಿದಿರಿ. ಬಸ್ಸಿನ ಹೊತ್ತಿಗೂ ಶಾಲೆಯ ಹೊತ್ತಿಗೂ ತಾಳೆಯಾಗುತ್ತಿರಲಿಲ್ಲ. ಕಾರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ — ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ.

ಆ ವರ್ಷ ಮಳೆ ಹಿಡಿಯುವ ಮುಂಚೆ ಟಯರ್ ಹಾಕಿಸಲು ಹೋದವಳು ನಾನು. ನಮ್ಮ ಕಡೆ ಜೀಪಿಗೆ ಮಾಡುವುದೇ ಹಾಗಲ್ಲವೇ — ಮಳೆಗಾಲಕ್ಕೆಂದು ಹಿಂದಿನ ಎರಡಕ್ಕೆ ಹೊಸ ಟಯರ್, ಮುಂದೆ ಹಳೆಯವೇ ಸವೆಯಲಿ. ಜೀಪಿಗೆ ಅದು ನಡೆಯುತ್ತದೆ. ಲಿವರ್ ಎಳೆದಾಗ ಮಾತ್ರ ಅದರ ಮುಂದಿನ ಚಕ್ರಗಳಿಗೆ ಎಳೆತ ಹೋಗುವುದು. ನಮ್ಮ ಕಾರಿಗೆ ಲಿವರೇ ಇಲ್ಲ, ಯಾವಾಗಲೂ ನಾಲ್ಕೂ ಚಕ್ರಕ್ಕೆ ಎಳೆತ. ಅಂಗಡಿಯವರು ನಾಲ್ಕೂ ಒಟ್ಟಿಗೆ ಹಾಕಿಸಿ ಎಂದರು. ಮಾರುವವರು ಮತ್ತೇನು ಹೇಳುತ್ತಾರೆ ಎಂದು ನಕ್ಕು, ಹಿಂದಿನ ಎರಡಕ್ಕೆ ಮಾತ್ರ ಹಾಕಿಸಿದೆ. ಯಾರ ಮಾತನ್ನೂ ಸುಮ್ಮನೆ ನಂಬದವಳು ಎಂಬ ಹೆಮ್ಮೆ ನನಗೆ. ಜೀಪಿನ ರೂಢಿಯನ್ನು ಮಾತ್ರ ಸುಮ್ಮನೆ ನಂಬಿದ್ದೆ, ಅದು ಆಗ ಹೊಳೆಯಲಿಲ್ಲ.

ಮಳೆ ಮುಗಿದು ರಸ್ತೆ ಒಣಗಿದ ಮೇಲೆ ನೀವು ಮೊದಲ ಸಲ ಹೇಳಿದಿರಿ, ಪೇಟೆ ದಾರಿಯ ತಿರುವುಗಳಲ್ಲಿ ಕಾರು ಸೀಟಿನ ಅಡಿಯಿಂದಲೇ ನಡುಗುತ್ತದೆ ಎಂದು. ಅಣ್ಣ ಅದನ್ನು ತೋಟದೊಳಗಿನ ಮಣ್ಣುದಾರಿಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದ. "ಏನೂ ಇಲ್ವಲ್ಲ ಮಾರಾಯ್ತಿ, ಬೆಣ್ಣೆ ಹಂಗೆ ಹೋಗ್ತದೆ" ಎಂದ. ದಿನ ಕಳೆದಂತೆ ನಡುಕ ಜಾಸ್ತಿಯಾಯಿತು. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ನೀವು ಮತ್ತೆ ಆ ಮಾತು ತೆಗೆದಿರಿ, ನಾನು ಬಾಯಿ ಹಾಕಿದೆ.

"ಅತ್ತಿಗೆ, ಕಾರು ಅದೇ, ಟಯರ್ ಅದೇ, ಪೆಟ್ರೋಲೂ ಅದೇ. ಅಣ್ಣ ಓಡ್ಸಿದ್ರೆ ನಡುಗಲ್ಲ, ನೀವು ಓಡ್ಸಿದ್ರೆ ನಡುಗ್ತದೆ. ಹಂಗಾದ್ರೆ ಬದ್ಲಾಗಿದ್ದು ಏನು? ನಿಮ್ಮ ಎಡಗಾಲು. ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಿ."

ಅಮ್ಮ ನಕ್ಕರು. ಅಣ್ಣ, "ವಕೀಲಮ್ಮಂಗೆ ಉತ್ತರ ಕೊಡು ನೋಡಾಣ" ಎಂದ.

ನೀವು ಕೊಟ್ಟಿರಿ. ನನಗೆ ಪದ ಪದವೂ ನೆನಪಿದೆ. "ತಿರುವಲ್ಲಿ ಕ್ಲಚ್ ಪೂರ್ತಿ ಒತ್ತಿ ಹಿಡಿದ್ರೂ ನಡುಗ್ತದೆ ಕಣೇ. ನೀನೇ ಒಂದ್ಸಲ ನನ್ನ ಪಕ್ಕ ಕೂತ್ಕೊಂಡು ಬಾ."

ಅಷ್ಟೇ ಸಾಕಿತ್ತು. ಕ್ಲಚ್ ಪೂರ್ತಿ ಒತ್ತಿದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ. ಆಗಲೂ ನಡುಗಿದರೆ ದೋಷ ಕ್ಲಚ್ಚಿನದಲ್ಲ, ಕಾಲಿನದೂ ಅಲ್ಲ. ನನ್ನ ವಾದ ಅಲ್ಲೇ ಬಿದ್ದಿತ್ತು. ಬಿದ್ದದ್ದು ನನಗೆ ಕಂಡಿತೋ ಇಲ್ಲವೋ — ಕಂಡಿತು ಅತ್ತಿಗೆ, ಒಂದು ಕ್ಷಣ ಕಂಡಿತು. ಆದರೆ ಎಲ್ಲರೂ ನಗುತ್ತಿದ್ದರು. "ತಪ್ಪು ಮಾಡೋರ್ಗೆ ತಾವು ಮಾಡೋದು ಗೊತ್ತಾಗಲ್ಲ ಅತ್ತಿಗೆ" ಎಂದುಬಿಟ್ಟೆ. ಅದಕ್ಕೆ ಉತ್ತರವಿಲ್ಲ, ಯಾಕೆಂದರೆ ಅದು ವಾದವೇ ಅಲ್ಲ.

ಆಮೇಲೆ ತಿರುವು ಬಂದಾಗಲೆಲ್ಲ ನೀವು ರಸ್ತೆ ನೋಡುವುದು ಬಿಟ್ಟು ನಿಮ್ಮ ಕಾಲನ್ನೇ ಗಮನಿಸತೊಡಗಿದಿರಂತೆ. ಮಾರ್ಚ್ ಬರುವ ಮೊದಲೇ ಕಾರನ್ನೂ ಬಿಟ್ಟಿರಿ, ಶಾಲೆಯನ್ನೂ ಬಿಟ್ಟಿರಿ.

ಕಾಫಿ ಕೊಯ್ಲು ಮುಗಿದು, ಒಣಗಿಸುವ ಕಣ ಖಾಲಿಯಾದಾಗ ನಾನು ಕಾರನ್ನು ಅಲ್ಲಿ ತಿರುಗಿಸಲು ಹೋದೆ. ಸಿಮೆಂಟಿನ ಕಣ. ಸ್ಟೀರಿಂಗ್ ಪೂರ್ತಿ ತಿರುಗಿಸಿದ್ದೇ ತಡ, ಯಾರೋ ಅಡಿಯಿಂದ ಹಿಡಿದು ಅಲ್ಲಾಡಿಸಿದ ಹಾಗೆ ನಡುಗಿತು. ಕ್ಲಚ್ ಒತ್ತಿ ಹಿಡಿದೆ. ನಿಲ್ಲಲಿಲ್ಲ. ಪಕ್ಕದ ಮಣ್ಣಿಗೆ ಇಳಿಸಿ ಅದೇ ಸುತ್ತು ಹಾಕಿದೆ — ಏನೂ ಇಲ್ಲ. ಮತ್ತೆ ಸಿಮೆಂಟು, ಮತ್ತೆ ನಡುಕ. ಅಣ್ಣ ಓಡಿಸಿದ್ದು ಮಣ್ಣಿನಲ್ಲಿ, ನೀವು ಟಾರಿನಲ್ಲಿ. ಬದಲಾಗಿದ್ದು ರಸ್ತೆ. ನನ್ನ ಆ ಜಾಣ ಪ್ರಶ್ನೆಗೆ ಇನ್ನೊಂದು ಉತ್ತರವಿತ್ತು, ನಾನು ಹುಡುಕಿರಲಿಲ್ಲ.

ಇಳಿದು ಮುಂದಿನ ಟಯರಿಗೂ ಹಿಂದಿನದಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ ಅಳೆದೆ. ಹೊಸ ಟಯರಿನ ಸುತ್ತು ಎರಡು ಬೆರಳಿಗೂ ಹೆಚ್ಚು ಉದ್ದ. ಆಮೇಲೆ ಪೇಟೆಯ ಗ್ಯಾರೇಜಿನಲ್ಲಿ ಪೂರ್ತಿ ಅರ್ಥವಾಯಿತು: ಸಣ್ಣ ಚಕ್ರ ದೊಡ್ಡ ಚಕ್ರಕ್ಕಿಂತ ಹೆಚ್ಚು ಸುತ್ತಬೇಕು, ಆ ವ್ಯತ್ಯಾಸವನ್ನೆಲ್ಲ ಮುಂದಿನ, ಹಿಂದಿನ ಚಕ್ರಗಳ ನಡುವಿನ ಕಪ್ಲಿಂಗೇ ತಾಳಿಕೊಳ್ಳಬೇಕು. ತಿಂಗಳುಗಟ್ಟಲೆ ಬಿಸಿಯೇರಿ ಬಿಸಿಯೇರಿ ಅದು ಬಿಗಿದುಹೋಗಿತ್ತು. ಮಣ್ಣಿನಲ್ಲಾದರೆ ಚಕ್ರ ತುಸು ಜಾರಿ ಆ ಬಿಗಿ ಬಿಡುತ್ತದೆ. ಒಣ ಟಾರಿನಲ್ಲಿ ಜಾರುವುದಿಲ್ಲ; ಗಾಡಿಯೇ ನಡುಗುತ್ತದೆ.

ಕಪ್ಲಿಂಗ್ ಬದಲಾಯಿಸಿದೆ, ನಾಲ್ಕೂ ಒಂದೇ ತರಹದ ಹೊಸ ಟಯರ್ ಹಾಕಿಸಿದೆ. ಮನೆಯಲ್ಲಿ 'ಸರ್ವೀಸ್ ಮಾಡಿಸಿದೆ' ಎಂದೆ. ಇಲ್ಲಿಯವರೆಗಿನದನ್ನು ತಪ್ಪು ಎನ್ನಬಹುದೇನೋ. ಇನ್ನು ಬರೆಯುವುದಕ್ಕೆ ಆ ಹೆಸರೂ ಸಾಲದು.

ಒಂದು ಬೆಳಿಗ್ಗೆ ಅಮ್ಮ ಹೇಳಿದರು, "ಕೈ ಬದ್ಲಾಗಿದ್ದೇ ತಡ, ಗಾಡಿ ಹೆಂಗೆ ನೆಟ್ಟಗಾಯ್ತು ನೋಡಿ." ನೀವು ಬಡಿಸುತ್ತಿದ್ದಿರಿ. ನಾನು ಇನ್ನೊಂದು ಕಡುಬು ಹಾಕಿಸಿಕೊಂಡೆ.

ಮೊನ್ನೆ ಆ ಶಾಲೆಯಿಂದ ಮತ್ತೆ ಪಾಠಕ್ಕೆ ಬನ್ನಿ ಎಂದು ಫೋನ್ ಬಂದಾಗ ನಾನು ಜಗಲಿಯಲ್ಲೇ ಇದ್ದೆ. "ಇಲ್ಲ ಮೇಡಂ, ಆಸೆ ಏನೋ ಇದೆ. ಆದ್ರೆ ನಂಗೆ ಗಾಡಿ ಓಡ್ಸಕ್ಕೆ ಬರಲ್ಲ. ಬೇಕಾದ್ರೆ ನಮ್ಮನೇಲಿ ಯಾರನ್ನಾದ್ರೂ ಕೇಳಿ" ಎಂದು ನಕ್ಕಿರಿ. ಬೇಜಾರಿಲ್ಲದೆ, ನಿಮ್ಮ ಎತ್ತರ ಹೇಳುವಷ್ಟು ಸಲೀಸಾಗಿ ಹೇಳಿದಿರಿ. ಆ ಸಲೀಸು... ನೀವು ಸಿಟ್ಟಿನಲ್ಲಿ ಹೇಳಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೇನೋ. ಕೊನೆಗೆ, "ಆಯ್ತು, ಇನ್ನೊಂದ್ಸಲ ಯೋಚ್ನೆ ಮಾಡಿ ಸೋಮವಾರ ಹೇಳ್ತೀನಿ" ಎಂದು ಇಟ್ಟಿರಿ.

ಇವತ್ತು ಶನಿವಾರ. ಇದನ್ನು ಮೊದಲು ನಿಮ್ಮ ಕೈಗೆ ಕೊಡುತ್ತೇನೆ. ಆಮೇಲೆ ಅಮ್ಮನಿಗೂ ಅಣ್ಣನಿಗೂ ನಾನೇ ಹೇಳುತ್ತೇನೆ, ಒಂದು ಮಾತೂ ಬಿಡದೆ. "ಹೋಗ್ಲಿ ಬಿಡು, ಹಳೇದು" ಎಂದು ನೀವು ತಡೆಯುತ್ತೀರಿ, ಗೊತ್ತು. ತಡೆದರೂ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಕೊಡಲೇಬೇಕಾದ ಇಕ್ಕಟ್ಟು ನಿಮ್ಮದಾಗುತ್ತದೆ.

ಸೋಮವಾರ ನೀವು ಆ ಕೆಲಸಕ್ಕೆ ಬೇಡ ಎನ್ನಬಹುದು. ಮನಸ್ಸಿಲ್ಲ ಎನ್ನಿ, ಪುರುಸೊತ್ತಿಲ್ಲ ಎನ್ನಿ, ಏನೂ ಕಾರಣ ಕೊಡದೆಯೂ ಬೇಡ ಎನ್ನಿ. ಓಡಿಸಲು ಬರುವುದಿಲ್ಲ ಎಂದು ಮಾತ್ರ ಹೇಳಬೇಡಿ. ಆ ಕಾರಣವನ್ನು ನಾನು ಕಟ್ಟಿದ್ದು, ಅತ್ತಿಗೆ. ಅದು ನಿಜವಲ್ಲ.