ವೈಪರಿನಡಿಯ ರಟ್ಟು

ರಿಯಾದಿನ ಮಲಾಜ್ ಬಡಾವಣೆಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ, ನಮ್ಮದೇ ಕಾರ್ಖಾನೆಯ ಫಿಟ್ಟರ್ ಉಡುಪಿ ಕಡೆಯವರು. ರಜೆಯ ದಿನ ಬಿಸಿಲೇರುವ ಮೊದಲೇ ಕೆಳಗಿನ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ತಮ್ಮ ಕಾರಿನ ಮುಂದಿನ ಗಾಜಿಗೆ ಮುಚ್ಚಿ, ಓಣಿಯಲ್ಲಿ ನಿಂತ ಉಳಿದ ಕಾರುಗಳಿಗೂ ವೈಪರಿನಡಿ ಸಿಕ್ಕಿಸುತ್ತಿದ್ದರು. ಯಾರ ಕಾರೆಂದು ನೋಡುತ್ತಿರಲಿಲ್ಲ. ಏನಾದರೂ ಹೇಳಹೋದರೆ, "ರಟ್ಟಿಗೆ ಎಂತ ಬರ ಮಾರಾಯ" ಎಂದು ಮುಂದಿನ ಕಾರಿಗೆ ಹೋಗುತ್ತಿದ್ದರು.

ನಮ್ಮ ಕಾರ್ಖಾನೆ ಊರಾಚೆಗೆ ಹೋದಾಗ ಕಂಪನಿ ಅಲ್ಲೇ ಹೊಸ ಫ್ಲ್ಯಾಟುಗಳನ್ನು ಕೊಟ್ಟಿತು. ಲಿಫ್ಟು, ಈಜುಕೊಳ, ನೆಲಮಾಳಿಗೆಯಲ್ಲಿ ಪಾರ್ಕಿಂಗ್. ನೋಡಿ ಬರೋಣವೆಂದು ಅವರನ್ನು ನಾನೇ ಕರೆದುಕೊಂಡು ಹೋದೆ. ನೆಲಮಾಳಿಗೆಯ ತಂಪಿನಲ್ಲಿ ಅವರು ಅಲ್ಲಿದ್ದ ಕಾರೊಂದರ ಗಾಜು ಮುಟ್ಟಿ ನೋಡಿದರು.

"ಒಳ್ಳೆದುಂಟು. ಆದ್ರೆ ಬೆಳಿಗ್ಗೆ ಎದ್ದು ನಾನು ಇಲ್ಲಿ ಎಂತ ಮಾಡುದು?"

ನಾನು ಹೊಸ ಫ್ಲ್ಯಾಟಿಗೆ ಹೋದೆ. ಅವರು ಕೆಲಸ ಬಿಟ್ಟು ಊರಿಗೆ ಮರಳುವವರೆಗೂ ಮಲಾಜ್‌ನಲ್ಲೇ ಉಳಿದರು.

ಮೊನ್ನೆ ಶುಕ್ರವಾರ ಮೀನಿಗೆಂದು ಆ ಹಳೇ ಓಣಿಗೆ ಹೋಗಿದ್ದೆ. ಮೀನು ಹಿಡಿದುಕೊಂಡು ಬಂದು ನೋಡಿದರೆ ನನ್ನ ಕಾರಿನ ಗಾಜಿನ ಮೇಲೆ ರಟ್ಟು. ಸುತ್ತ ಗುರುತಿನ ಮುಖ ಒಂದೂ ಇರಲಿಲ್ಲ. ಅದನ್ನು ಎಸೆಯಲು ಮನಸ್ಸಾಗದೆ ಹಿಂದಿನ ಸೀಟಿನಲ್ಲಿಟ್ಟುಕೊಂಡು ಬಂದೆ. ಈಗ ಅದು ನಮ್ಮ ನೆಲಮಾಳಿಗೆಯಲ್ಲಿದೆ, ಬಿಸಿಲೇ ಬಾರದ ಕಡೆ.