ಎರಡನೇ ಸಲ ಇಳಿದೆನಂತೆ

ಮೈಯಲ್ಲಿ ಯಾವ ರೋಗವೂ ಇಲ್ಲದವರಿಗೆ ಸಾಯುವಷ್ಟು ಭಯ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಬರೀ ನಂಬದೇ ಇದ್ದರೆ ಚಿಂತೆಯಿರಲಿಲ್ಲ, ನಕ್ಕೂ ಬಿಡುತ್ತಿದ್ದೆ. ಯಲ್ಲಾಪುರ ತಾಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನರ್ಸ್ ಕೆಲಸ ಮಾಡಿದವಳು ನಾನು. "ಅಕ್ಕೋರೆ, ಎದೆ ಡವಡವ ಹೊಡ್ಕಳ್ತದೆ, ಉಸಿರೇ ಸಿಗೂದಿಲ್ಲ" ಎನ್ನುತ್ತ ಎಷ್ಟು ಹೆಂಗಸರು ಬಂದಿದ್ದಾರೋ ಲೆಕ್ಕವಿಲ್ಲ. ಬಿ.ಪಿ. ನೋಡುತ್ತಿದ್ದೆ, ಸರಿಯಿರುತ್ತಿತ್ತು. ಗ್ಯಾಸಿನ ಮಾತ್ರೆ ಎರಡು ಕೊಟ್ಟು ಕಳಿಸುತ್ತಿದ್ದೆ. ಅವರ ಬೆನ್ನು ಆ ಕಡೆಯಾದೊಡನೆ ಆಶಾ ಕಾರ್ಯಕರ್ತೆಯ ಕಡೆ ನೋಡಿ ಹುಬ್ಬು ಹಾರಿಸಿದ್ದೂ ಉಂಟು. ಈಗ ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮೂರು ವರ್ಷದ ಹಿಂದಿನ ಮಾತು. ವಾರವಿಡೀ ಯಲ್ಲಾಪುರದ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಶಿರಸಿಯ ಮನೆಗೆ ಹೋಗುವುದು ನನ್ನ ರೂಢಿ. ಅವತ್ತೂ ತಾಲೂಕು ಆಸ್ಪತ್ರೆಯಲ್ಲಿ ಬೆಳಗಿನ ಸಭೆ ಮುಗಿಸಿ ಬಸ್ಸು ಹತ್ತಿದ್ದೆ. ಒಳ್ಳೆಯ ಬಿಸಿಲು. ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಸಭೆಯಲ್ಲಿ ಯಾರೂ ಬೈದಿರಲಿಲ್ಲ, ಮನೆಯಲ್ಲಿ ಯಾರಿಗೂ ಹುಷಾರು ತಪ್ಪಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಎಲ್ಲರೂ ಕೇಳಿದ್ದು ಅದೊಂದನ್ನೇ: "ಎಂತದಾದ್ರೂ ಚಿಂತೆ ಇತ್ತಾ?" ಇರಲಿಲ್ಲ. ಮಗಳಿಗೆ ಎಂಥ ಚಪ್ಪಲಿ ಒಯ್ಯಬೇಕು ಎಂದು ಯೋಚಿಸುತ್ತಿದ್ದೆ.

ಮಂಚೀಕೇರಿ ದಾಟಿ ಸ್ವಲ್ಪ ದೂರ ಹೋಗಿರಬೇಕು. ಬೆರಳ ತುದಿಗಳು ಜುಮುಗುಟ್ಟಿದವು. ಎದೆ ಒಮ್ಮೆ ತಪ್ಪಿ ಬಿದ್ದಂತಾಗಿ ಆಮೇಲೆ ಓಡಲು ಶುರುಮಾಡಿತು. ಬಸ್ಸಿನೊಳಗಿನ ಗದ್ದಲವೆಲ್ಲ ಗೋಡೆಯಾಚೆಯಿಂದ ಬಂದಂತೆ ಕೇಳಿಸತೊಡಗಿತು. ಇದು ಹಾರ್ಟ್ ಅಟ್ಯಾಕು, ಶಿರಸಿ ಮುಟ್ಟುವುದಿಲ್ಲ ಎಂದು ಖಾತ್ರಿಯಾಯಿತು. ನಾಡಿ ಹಿಡಿದು ಎಣಿಸಲು ನೋಡಿದೆ, ಇಪ್ಪತ್ತರ ಮೇಲೆ ಲೆಕ್ಕ ತಪ್ಪುತ್ತಿತ್ತು. ಕೂತರೆ ಇಲ್ಲೇ ಸಾಯುತ್ತೇನೆ ಅನ್ನಿಸಿ ಎದ್ದು ನಿಂತು ಕೂಗಿದೆ. ಕಂಡಕ್ಟರ್ ಗಾಬರಿಯಾಗಿ ಸೀಟಿ ಊದಿದ. ಇಳಿದೆ. ಯಾವ ಊರೆಂದೂ ನೋಡಲಿಲ್ಲ.

ಒಂದು ತಂಗುದಾಣ, ಅದರ ಪಕ್ಕ ಚಹಾ, ಬಾಳೆಹಣ್ಣು ಮಾರುವ ಸಣ್ಣ ಅಂಗಡಿ. ಅಂಗಡಿಯ ಅಜ್ಜಿ ನನ್ನನ್ನು ನೋಡಿದವಳೇ ಒಂದು ತಂಬಿಗೆ ನೀರು ಹಿಡಿದು ಬಂದಳು. ಗಾಬರಿಯಿಲ್ಲ, ಅವಸರವಿಲ್ಲ. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಬೆನ್ನ ಮೇಲೆ ಕೈಯಿಟ್ಟಳು.

"ಎಂತದೂ ಆಗೂದಿಲ್ಲ ತಂಗಿ. ಉಸಿರು ಬಿಡು. ಎಳ್ಕಳೂದು ಸಾಕು, ಬಿಡು ಮೊದ್ಲು. ಹೋದ ಸಲನೂ ಹಿಂಗೇ ಆಗಿತ್ತಲ್ಲ, ಆಮೇಲೆ ಸರಿ ಹೋತು."

ಆ ಮಾತು ಆಗ ಕಿವಿಯ ಮೇಲೆ ಬಿದ್ದರೂ ತಲೆಗೆ ಹೋಗಲಿಲ್ಲ. ಅವಳು ಹೇಳಿದಂತೆ ಉಸಿರು ಬಿಟ್ಟೆ. ಇಪ್ಪತ್ತು ನಿಮಿಷದಲ್ಲಿ ಎದೆ ತಹಬಂದಿಗೆ ಬಂತು. ಚಹಾ ಕೈಗೆ ಬಂದ ಮೇಲೆ ಕೇಳಿದೆ, "ಹೋದ ಸಲ ಅಂದ್ರೆ?"

"ಶಿವರಾತ್ರಿ ಆದ್ಮೇಲಿನ ಶನಿವಾರ. ನೀನೇ ಅಲ್ದ? ಇದೇ ಬೆಂಚಿನ ಮೇಲೆ ಕೂತಿದ್ದೆ."

"ನಾನಲ್ಲ ಅಜ್ಜಿ. ನಾನು ಇಲ್ಲಿ ಇಳಿದೇ ಇಲ್ಲ. ಬೇರೆ ಯಾರನ್ನೋ ನೋಡಿದ್ದೀರಿ."

ಅಜ್ಜಿ ನಕ್ಕಳು. "ವಾಚು ಹಿಂಗೆ ಮಣಿಕಟ್ಟಿನ ಒಳಮೈಗೆ ಕಟ್ಕಂಡು, ಕೈ ಹಿಡ್ಕಂಡು ಎಣಿಸ್ತಾ ಕೂರವ್ರು ಈ ರಸ್ತೆ ಮೇಲೆ ಎಷ್ಟು ಜನ ಇದ್ದಾರೆ?" ಎಂದಳು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸೊಸೆ ಹೊರಗೆ ಬಂದು ನನ್ನ ಮುಖ ನೋಡಿ, "ಹೌದು, ಇವ್ರೇಯ. ಮುಂದಿನ ಬಸ್ಸಿಗೆ ಹೋದ್ರಲ್ಲ" ಅಂದಳು.

ನನಗೆ ಬಂದದ್ದು ಭಯವಲ್ಲ, ಕೆಟ್ಟ ಕೋಪ. ನನ್ನ ಬದುಕಿನಲ್ಲಿ ಏನಾಯಿತು ಎಂದು ಹೇಳಲು ಇವರು ಯಾರು? ಅರ್ಧ ಚಹಾ ಬಿಟ್ಟು ಎದ್ದು ಮುಂದಿನ ಬಸ್ಸು ಹತ್ತಿದೆ, ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಆ ಕೋಪ ಆಮೇಲೆ ತಿಂಗಳುಗಟ್ಟಲೆ ಇಳಿಯಲಿಲ್ಲ. ಶಿರಸಿಯ ಒಂದು ಆಸ್ಪತ್ರೆಯಲ್ಲಿ ಇಸಿಜಿ, ರಕ್ತಪರೀಕ್ಷೆ ಎಲ್ಲ ಆಯಿತು. ಡಾಕ್ಟರು ನನ್ನ ಎದೆಯ ರಿಪೋರ್ಟನ್ನು ನನ್ನೆದುರೇ ನನ್ನ ಗಂಡನಿಗೆ ವಿವರಿಸಿದರು. "ಎಲ್ಲ ನಾರ್ಮಲ್. ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಹೇಳಿ." ಹೇಳಿ! ನಾನು ಅಲ್ಲೇ ಕುರ್ಚಿಯ ಮೇಲೆ ಕೂತಿದ್ದೆ. ನಾರ್ಮಲ್ ಎಂಬ ಆ ಒಂದು ಮಾತು ಕೇಳಿದ್ದೇ ಮನೆಯವರೆಲ್ಲ ನಿರಾಳವಾದರು, ನಾನು ಮಾತ್ರ ಸುಳ್ಳುಗಾತಿಯಾದೆ. ಗಂಡ ಒಳ್ಳೆಯವರೇ. "ಎಲ್ಲಾ ನಾರ್ಮಲ್ ಇದ್ದಡ. ಇನ್ನೆಂತ ಹೆದರಿಕೆ?" ಎಂದು ದಿನಕ್ಕೆ ಎರಡು ಸಲ ಫೋನ್ ಮಾಡಿ ಕೇಳುತ್ತಿದ್ದರು. ಅತ್ತೆ ದಾರ ಕಟ್ಟಿಸಿದರು. ಸಹೋದ್ಯೋಗಿಯೊಬ್ಬಳು, "ನರ್ಸ್ ಆಗಿ ನೀವೇ ಹೀಗೆ ಮಾಡಿದ್ರೆ ಹೇಗೆ?" ಎಂದಳು. ಮಾಡಿದ್ರೆ! ನಾನೇನು ಬೇಕೆಂದು ಮಾಡಿದೆನೇ?

ಡ್ಯೂಟಿಗೆಂದು ಯಲ್ಲಾಪುರಕ್ಕೆ ಮರಳಿದ ಮೇಲೆ ಬಸ್ಸು ಹತ್ತುವುದು ಬಿಟ್ಟೆ. ಅಲ್ಲೇ ಉಳಿದೆ, ಮೂರು ಶನಿವಾರ ಮಗಳ ಮುಖ ನೋಡಲಿಲ್ಲ. ನಾಲ್ಕನೇ ವಾರ ಅವಳು ಫೋನಿನಲ್ಲಿ, "ಅಮ್ಮಾ, ನಿಂಗೆ ಮನೆಗೆ ಬಪ್ಪಲೆ ಮನಸ್ಸಿಲ್ಯ?" ಎಂದಾಗ ಬಾಡಿಗೆ ಕಾರು ಮಾಡಿ ಹುಬ್ಬಳ್ಳಿಯ ಮನೋವೈದ್ಯೆಯ ಹತ್ತಿರ ಹೋದೆ. ಆಕೆ ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು. ನನ್ನ ಕಡೆಗೇ ನೋಡುತ್ತ ಕೇಳಿದಳು, ನನಗೇ ಹೇಳಿದಳು. ಇದು ಪ್ಯಾನಿಕ್ ಅಟ್ಯಾಕು, ಇದರಿಂದ ಸಾಯುವುದಿಲ್ಲ, ಬಂದಾಗ ಓಡಿಹೋಗಬೇಡಿ, ಕೂತು ಉಸಿರು ನಿಧಾನ ಬಿಡಿ. ಕೆಲವು ತಿಂಗಳು ಮಾತ್ರೆ ಕೊಟ್ಟಳು. ಮೊದಲ ವಾರ ಬಸ್ಸು ಹತ್ತಿ ಮುಂದಿನ ಸ್ಟಾಪಿನಲ್ಲೇ ಇಳಿದೆ. ಆಮೇಲೆ ಮಂಚೀಕೇರಿವರೆಗೆ ಹೋದೆ. ಎರಡು ಸಲ ಮತ್ತೆ ಬಂತು. ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು ಕೂತೆ, ಅಳುತ್ತ ಕೂತೆ, ಆದರೆ ಇಳಿಯಲಿಲ್ಲ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಟ್ಟಾಗ ಸೀರೆಯ ಬೆನ್ನೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

ಅಜ್ಜಿಯ ಮಾತನ್ನೂ ಆ ಮನೋವೈದ್ಯೆಗೆ ಹೇಳಿದೆ. ಹೀಗೆ ಪೂರಾ ಮರೆತುಹೋಗುವುದು ಸಾಮಾನ್ಯವಲ್ಲ, ಅಜ್ಜಿಗೇ ಗುರುತು ತಪ್ಪಿರಬಹುದು ಎಂದಳು. ನನಗೂ ಅದೇ ಬೇಕಿತ್ತು. ಆದರೆ ಮನೆಗೆ ಬಂದು ಗಂಡನನ್ನು ಕೇಳಿದಾಗ ಅವರು ನೆನಪು ಮಾಡಿಕೊಂಡು ಹೇಳಿದರು, ಶಿವರಾತ್ರಿಯ ನಂತರ ಒಂದು ಶನಿವಾರ ನಾನು ತಡವಾಗಿ ಬಂದಿದ್ದೆ, ದಾರಿಯಲ್ಲಿ ಬಸ್ಸು ಕೆಟ್ಟಿತ್ತು ಎಂದಿದ್ದೆ. ಬಸ್ಸು ಕೆಟ್ಟದ್ದು ನನಗೆ ನೆನಪಿಲ್ಲ. ಕೆಟ್ಟಿತ್ತು ಎಂದು ಹೇಳಿದ್ದೂ ನೆನಪಿಲ್ಲ. ದಿನಚರಿ ತೆಗೆದು ನೋಡಿದೆ. ಆ ಶನಿವಾರದ ಪುಟದಲ್ಲಿ ಸಭೆಯ ವಿಷಯ ನನ್ನದೇ ಅಕ್ಷರದಲ್ಲಿದೆ, ಹಾಜರಾದವರ ಹೆಸರೂ ಇದೆ. ಸಭೆ ನೆನಪಿದೆ. ಬಸ್ಸು ಹತ್ತಿದ್ದು ನೆನಪಿದೆ. ಮನೆಯಲ್ಲಿ ಕೈಕಾಲು ತೊಳೆದದ್ದು ನೆನಪಿದೆ. ನಡುವಿನದ್ದು ಉಳಿದ ಶನಿವಾರಗಳ ಹಾಗೇ ಇದೆ, ಅಂದರೆ ಏನೂ ಇಲ್ಲ. ನೀವೇ ಹೇಳಿ, ವಾರ ವಾರ ಓಡಾಡುವ ದಾರಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಈಗ ಎದೆ ಹಿಡಿದುಕೊಂಡು ಬಂದವರನ್ನು ಕೂರಿಸಿ ಮಾತಾಡಿಸುತ್ತೇನೆ. ವರದಿಯ ಫಾರಂನಲ್ಲಿ ಜ್ವರಕ್ಕೆ, ಭೇದಿಗೆ, ಹಾವು ಕಡಿತಕ್ಕೆ ಒಂದೊಂದು ಕಾಲಂ ಇದೆ. ಈ ಹೆಂಗಸರನ್ನು ಬರೆಯಲು ಜಾಗವಿಲ್ಲ. ಎರಡು ಸಲ ಸಭೆಯಲ್ಲಿ ಎದ್ದು ಕೇಳಿದೆ. "ಇತರೆ ಅಂತ ಹಾಕಿ" ಎಂದರು. ಹಾಕುತ್ತೇನೆ, ಹಲ್ಲು ಕಚ್ಚಿಕೊಂಡು.

ಕಳೆದ ವರ್ಷ ಒಂದು ಶನಿವಾರ, ಮೈಯಲ್ಲಿ ಏನೂ ಇಲ್ಲದಾಗ, ಬೇಕೆಂದೇ ಆ ಸ್ಟಾಪಿನಲ್ಲಿ ಇಳಿದೆ. ಅಜ್ಜಿಗೆ ಒಂದು ಸೀರೆ ಒಯ್ದಿದ್ದೆ, ಅವತ್ತು ಹೇಳದ ಥ್ಯಾಂಕ್ಸಿಗಾಗಿ. ಅದನ್ನು ಕೊಟ್ಟು, ಎಷ್ಟು ಬೇಡವೆಂದುಕೊಂಡರೂ ಬಾಯಿಗೆ ಬಂದ ಪ್ರಶ್ನೆ ಕೇಳಿಯೇ ಬಿಟ್ಟೆ.

"ಅಜ್ಜಿ, ಮೊದಲನೇ ಸಲ ಬಂದಾಗ ನಾನು ಎಂತ ಹೇಳಿದ್ದೆ?"

ಅವಳು ಸೀರೆಯ ಅಂಚು ಸವರುತ್ತ ತಲೆಯೆತ್ತದೆ ಹೇಳಿದಳು, "ನಾನೊಬ್ಳು ನರ್ಸು, ಯಾರಿಗೂ ಹೇಳ್ಬೇಡಿ ಅಂದಿದ್ದೆ. ನಾವು ಯಾರಿಗೂ ಹೇಳ್ಲಿಲ್ಲ."

ಅದು ನಾನು ಆಡುವಂಥ ಮಾತೇ. ಆಡಿದೆನೇ ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ.